ಓಡಿ ಬಡ್ಡಿಗಿಂತ ಬೌನ್ಸ್ ದುಬಾರಿ: ಕಾಸರಗೋಡಿನ ಗ್ರಾಹಕರಿಗೆ ಸಿಗುವ ಓವರ್‌ಡ್ರಾಫ್ಟ್‌ಗಳ ವಿಮರ್ಶೆ

5ನೇ ತಾರೀಕಿಗೆ ಬೈಕ್ ಸಾಲದ ಕಂತು 4,200 ರೂಪಾಯಿ ಹೋಗಬೇಕು, ಖಾತೆಯಲ್ಲಿರುವುದು 3,900. ಮ್ಯಾಂಡೇಟ್, ಅಂದರೆ ಕಂತನ್ನು ಖಾತೆಯಿಂದ ತಾನಾಗಿ ಕಡಿಯಲು ನಾವು ಕೊಟ್ಟ ಒಪ್ಪಿಗೆ, ಬರುತ್ತದೆ, ಹಣ ಸಾಲದೆ ಹಿಂದೆ ಹೋಗುತ್ತದೆ. ಬ್ಯಾಂಕ್ ಇದಕ್ಕೆ 250 ರೂಪಾಯಿ ಚಾರ್ಜ್, ಅದರ ಮೇಲೆ ಶೇ. 18 ಜಿಎಸ್‌ಟಿ ಎಂದು 45, ಒಟ್ಟು 295 ರೂಪಾಯಿ ಕಡಿಯುತ್ತದೆ ಎಂದಿಟ್ಟುಕೊಳ್ಳಿ. ಸಾಲ ಕೊಟ್ಟ ಫೈನಾನ್ಸ್ ಕಂಪನಿ ತನ್ನ ಲೆಕ್ಕದಲ್ಲಿ ಬೌನ್ಸ್ ಚಾರ್ಜ್ 500 ಬರೆಯುತ್ತದೆ. ನಾಲ್ಕು ದಿನ ಬಿಟ್ಟು ಅದೇ ಕಂತನ್ನು ಮತ್ತೆ ಕಳುಹಿಸುತ್ತದೆ. ಆಗ ಖಾತೆಯಲ್ಲಿ ಉಳಿದಿರುವುದು 3,605 ಮಾತ್ರ. ಮತ್ತೆ ವಾಪಸ್, ಮತ್ತೆ 295. ಕೊರತೆ ಇದ್ದದ್ದು 300 ರೂಪಾಯಿ, ದಂಡ 1,090. ಮೂಗಿಗಿಂತ ಮೂಗುತಿ ಭಾರ. ಚಾರ್ಜ್ ಬ್ಯಾಂಕಿನಿಂದ ಬ್ಯಾಂಕಿಗೆ ಹೆಚ್ಚು ಕಡಿಮೆ ಇರುತ್ತದೆ, ಆದರೆ ಲೆಕ್ಕ ಸಾಗುವ ದಾರಿ ಇದೇ.

ಆ 300 ರೂಪಾಯಿಯನ್ನು ಎಫ್‌ಡಿ ಮೇಲಿನ ಓವರ್‌ಡ್ರಾಫ್ಟಿನಿಂದ, ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ತೆಗೆದು ಬೇಕಾದಾಗ ತೀರಿಸುವ, ಎಲ್ಲರೂ ಓಡಿ ಎಂದು ಕರೆಯುವ ಸಾಲದಿಂದ, ಹತ್ತು ದಿನಕ್ಕೆ ತೆಗೆದಿದ್ದರೆ ಶೇ. 7.5ರ ದರದಲ್ಲಿ ಬಡ್ಡಿ 62 ಪೈಸೆ. ಓಡಿ ಎಂದರೆ ಸಾಲ, ಸಾಲ ಎಂದರೆ ಶೂಲ ಎಂದು ದೂರ ಇಟ್ಟವರು ಬೌನ್ಸ್ ಚಾರ್ಜ್‌ಗೆ ವರ್ಷಕ್ಕೆ ಎಷ್ಟು ಕೊಡುತ್ತಿದ್ದಾರೆಂದು ಪಾಸ್‌ಬುಕ್ ಎಂಟ್ರಿ ಹಾಕಿಸಿ ಒಮ್ಮೆ ಕೂಡಿಸಿ ನೋಡಬೇಕು. ತಲಪಾಡಿಯಿಂದ ಚಂದ್ರಗಿರಿ ಹೊಳೆಯವರೆಗಿನ ಪೇಟೆಗಳಲ್ಲಿ ಬ್ಯಾಂಕುಗಳು ಕೊಡುವ ಓಡಿಗಳಲ್ಲಿ ಯಾವುದು ತಕ್ಕದ್ದು, ಯಾವುದು ಬೇಡ, ಎಲ್ಲಿ ಕೈ ಸುಡುತ್ತದೆ ಎಂಬುದು ಇಲ್ಲಿನ ವಿಷಯ.

ಮೊದಲು ಒಂದು ಗೊಂದಲ ತೀರಿಸಬೇಕು. ವಿದೇಶದಲ್ಲಿರುವ ಮಕ್ಕಳು ಹೇಳುವ 'ಓವರ್‌ಡ್ರಾಫ್ಟ್ ಫೀ' ಬೇರೆಯೇ ವಸ್ತು. ಅಮೆರಿಕದಲ್ಲಿ ಖಾತೆಯಲ್ಲಿ ಹಣವಿಲ್ಲದಿದ್ದರೂ ಬ್ಯಾಂಕ್ ಪಾವತಿ ಮಾಡಿ, ಪ್ರತಿ ಸಲಕ್ಕೆ ಇಂತಿಷ್ಟು ಎಂದು ಶುಲ್ಕ ಹಾಕುವ ಪದ್ಧತಿ ಇದೆ. ಹಲವು ಬ್ಯಾಂಕುಗಳಲ್ಲಿ ಅದು ಬಹುಕಾಲ 35 ಡಾಲರಿನ ಆಸುಪಾಸಿನಲ್ಲಿತ್ತು. ದೊಡ್ಡ ಬ್ಯಾಂಕುಗಳ ಮಟ್ಟಿಗೆ ಅದನ್ನು 5 ಡಾಲರಿಗೆ ಇಳಿಸಲು 2024ರ ಡಿಸೆಂಬರಿನಲ್ಲಿ ಅಲ್ಲಿನ ಗ್ರಾಹಕ ಹಣಕಾಸು ಸಂಸ್ಥೆ ತಂದ ನಿಯಮವನ್ನು 2025ರ ಮೇ ತಿಂಗಳಲ್ಲಿ ರದ್ದು ಮಾಡಲಾಯಿತು. ಬ್ರಿಟನ್ 2020ರ ಏಪ್ರಿಲಿನಿಂದ ಇಂಥ ನಿಗದಿತ ಶುಲ್ಕವನ್ನೇ ನಿಷೇಧಿಸಿ, ವಾರ್ಷಿಕ ಬಡ್ಡಿ ಮಾತ್ರ ಎಂದಿತು. ನಮ್ಮಲ್ಲಿ ಸಾಮಾನ್ಯ ಉಳಿತಾಯ ಖಾತೆ ಹೀಗೆ ತಾನಾಗಿ ಮೈನಸ್‌ಗೆ ಹೋಗುವುದಿಲ್ಲ. ಹಣವಿಲ್ಲದಿದ್ದರೆ ಪಾವತಿಯೇ ಆಗುವುದಿಲ್ಲ. ಹಾಗಾಗಿ ಅಲ್ಲಿ ಕೊಟ್ಟದ್ದಕ್ಕೆ ಶುಲ್ಕ, ಇಲ್ಲಿ ಕೊಡದೇ ಇದ್ದುದಕ್ಕೆ ಶುಲ್ಕ. ಯಾವುದು ಹೆಚ್ಚು ವಿಚಿತ್ರ ಎಂದು ಓದುಗರೇ ಹೇಳಲಿ.

ಎಫ್‌ಡಿ ಮೇಲಿನ ಓಡಿಗೆ ಇಲ್ಲಿ ಮೊದಲ ಸ್ಥಾನ ಕೊಡಬಹುದು. ಠೇವಣಿಯ ಶೇ. 90ರವರೆಗೆ ಲಿಮಿಟ್ ಸಿಗುವುದು ಸಾಮಾನ್ಯ. ಬಡ್ಡಿ ಎಫ್‌ಡಿ ದರಕ್ಕಿಂತ ಶೇ. 1ರಿಂದ 2 ಹೆಚ್ಚು. ಲಿಮಿಟ್ ತೆರೆದಿಟ್ಟು ಮುಟ್ಟದಿದ್ದರೆ ಬಡ್ಡಿ ಸೊನ್ನೆ. ಬಡ್ಡಿಯನ್ನು ದಿನದ ಕೊನೆಯಲ್ಲಿ ಬಾಕಿ ಇರುವ ಮೊತ್ತದ ಮೇಲೆ ಲೆಕ್ಕ ಹಾಕಿ, ತಿಂಗಳ ಕೊನೆಗೆ ಖಾತೆಗೆ ಬರೆಯುತ್ತಾರೆ. ಬಾಕಿಯನ್ನು ದರದಿಂದಲೂ ದಿನಗಳಿಂದಲೂ ಗುಣಿಸಿ 365ರಿಂದ ಭಾಗಿಸಿದರೆ ಮುಗಿಯಿತು.

ಅಡಿಕೆ ತೋಟದವರಿಗೆ ಇದು ಹೇಗೆ ಹೊಂದುತ್ತದೆ ನೋಡಿ. ದುಡ್ಡು ಬರುವುದು ಅಡಿಕೆ ಕೊಟ್ಟಾಗ. ಖರ್ಚು ಮಳೆಗಾಲದ ಬಾಗಿಲಲ್ಲಿ, ಮೈಲುತುತ್ತು, ಸುಣ್ಣ, ಮದ್ದು ಬಿಡುವವರ ಕೂಲಿ ಎಂದು. 3 ಲಕ್ಷದ ಎಫ್‌ಡಿ ಇದೆ, ದರ ಶೇ. 6.5, ಓಡಿ ಲಿಮಿಟ್ 2,70,000, ದರ ಶೇ. 7.5. ಜೂನ್ 1ರಂದು 80,000 ತೆಗೆದು ಜನವರಿ 1ಕ್ಕೆ ತೀರಿಸಿದರೆ 214 ದಿನಕ್ಕೆ ಬಡ್ಡಿ ಸುಮಾರು 3,518. ನಡುವೆ ಸೆಪ್ಟೆಂಬರ್ 1ಕ್ಕೆ ಹಳೆ ಅಡಿಕೆ ಕೊಟ್ಟು ಬಂದ 30,000ವನ್ನು ಓಡಿ ಖಾತೆಗೆ ಹಾಕಿದರೆ ಉಳಿದ 122 ದಿನದಲ್ಲಿ 752 ರೂಪಾಯಿ ಬಡ್ಡಿ ಉಳಿಯುತ್ತದೆ. ಅದೇ 30,000 ಶೇ. 2.5ರ ಉಳಿತಾಯ ಖಾತೆಯಲ್ಲಿ ಮಲಗಿದರೆ ಹುಟ್ಟುವುದು 251. ಬೇಕಾದಾಗ ಮತ್ತೆ ತೆಗೆಯಬಹುದು ಎನ್ನುವಾಗ ಉಳಿತಾಯ ಖಾತೆಯಲ್ಲಿ ಹಣ ಕಾಯಿಸುವುದಕ್ಕೆ ಅರ್ಥವಿಲ್ಲ. ಕ್ಯಾಂಪ್ಕೋ ಆಗಲಿ ಖಾಸಗಿ ವ್ಯಾಪಾರಿ ಆಗಲಿ, ಹಣ ಹಾಕುವವರಿಗೆ ಓಡಿ ಖಾತೆಯ ನಂಬ್ರವನ್ನೇ ಕೊಡಬಹುದೇ ಎಂದು ಬ್ಯಾಂಕಿನಲ್ಲಿ ಕೇಳಿ. ಬಾಕಿ ಪೂರ್ತಿ ತೀರಿ ಖಾತೆ ಪ್ಲಸ್‌ಗೆ ಬಂದ ಮೇಲೆ ಮಾತ್ರ ಹೆಚ್ಚಿನ ಹಣ ಅಲ್ಲಿ ಬಿಡಬೇಡಿ. ಓಡಿ ಖಾತೆಯಲ್ಲಿ ಮಿಕ್ಕಿದ್ದಕ್ಕೆ ಬಡ್ಡಿ ಬರುವುದಿಲ್ಲ.

'ಎಫ್‌ಡಿಯನ್ನೇ ಮುರಿದರೆ ಆಯಿತಲ್ಲ' ಎನ್ನುವುದು ಕೌಂಟರಿನಲ್ಲಿ ದಿನಾ ಕೇಳುವ ಮಾತು. ಅವಧಿಗೆ ಮುಂಚೆ ಮುರಿದರೆ ಠೇವಣಿ ಇಟ್ಟಷ್ಟು ಕಾಲಕ್ಕೆ ಅನ್ವಯಿಸುವ ದರ ಸಿಗುತ್ತದೆ, ಅದರಲ್ಲೂ ಶೇ. 0.5ರಿಂದ 1 ಕಡಿತವಾಗುವುದು ರೂಢಿ. ಒಟ್ಟು ದರ ಶೇ. 1.25 ಇಳಿದರೂ 3 ಲಕ್ಷಕ್ಕೆ ಒಂದೂವರೆ ವರ್ಷದಲ್ಲಿ 5,625 ರೂಪಾಯಿ ನಷ್ಟ. ಅದೇ 80,000ವನ್ನು 90 ದಿನಕ್ಕೆ ಓಡಿಯಲ್ಲಿ ತೆಗೆದರೆ ಬಡ್ಡಿ 1,479; ಆ ಕಡೆ ಎಫ್‌ಡಿ ಬೆಳೆಯುತ್ತಲೇ ಇರುವುದರಿಂದ ನಿಜವಾಗಿ ಕೈಬಿಡುವುದು ಶೇ. 1ರ ಅಂತರ, ಅಂದರೆ 197 ರೂಪಾಯಿ. ಎಫ್‌ಡಿಯ ಹೆಚ್ಚುಪಾಲು ಹಣ ವರ್ಷಗಟ್ಟಲೆ ಬೇಕು ಎಂದಾದರೆ ಮಾತ್ರ ಮುರಿಯುವ ಲೆಕ್ಕ ಸರಿ ಹೋದೀತು.

ಗಲ್ಫ್‌ನಲ್ಲಿರುವವರ ಎನ್‌ಆರ್‌ಇ ಠೇವಣಿಗೆ (ವಿದೇಶದ ಗಳಿಕೆಯನ್ನು ಊರಿನ ಬ್ಯಾಂಕಿನಲ್ಲಿ ಇಡುವ ಠೇವಣಿ) ಈ ಮಾತು ಇನ್ನೂ ಗಟ್ಟಿ. ಒಂದು ವರ್ಷ ತುಂಬುವ ಮೊದಲು ಮುರಿದರೆ ಎನ್‌ಆರ್‌ಇ ಎಫ್‌ಡಿಗೆ ಬಡ್ಡಿಯೇ ಇಲ್ಲ. ಹನ್ನೊಂದನೇ ತಿಂಗಳಲ್ಲಿ ಮನೆಯ ತಾರಸಿಗೆಂದು ಮುರಿದರೆ ಹನ್ನೊಂದು ತಿಂಗಳ ಬಡ್ಡಿ ಹೋಯಿತು. ಓಡಿ ತೆಗೆದರೆ ಉಳಿಯುತ್ತದೆ. ಆದರೆ ಸಾಲ ಇರುವಷ್ಟು ಕಾಲ ಆ ಠೇವಣಿಯನ್ನು ಮುರಿಯಲು ಬಿಡುವುದಿಲ್ಲ, ಸಾಲದ ಕಾಗದಕ್ಕೆ ಠೇವಣಿದಾರರದ್ದೇ ಸಹಿ ಬೇಕು. ಉಪ್ಪಳದಲ್ಲಿ ತಾಯಿ, ದುಬೈಯಲ್ಲಿ ಮಗ ಎಂದಾದರೆ ಮಗ ಊರಿಗೆ ಬಂದಾಗಲೇ ಲಿಮಿಟ್ ಮಾಡಿಸಿಟ್ಟು ಹೋಗುವುದು ಸುಲಭ.

ತೆರೆಯುವ ಕ್ರಮ ಕಷ್ಟದ್ದಲ್ಲ. ಎಫ್‌ಡಿ ಒಬ್ಬರದೇ ಹೆಸರಲ್ಲಿದ್ದರೆ ಹಲವು ಬ್ಯಾಂಕುಗಳ ನೆಟ್ ಬ್ಯಾಂಕಿಂಗ್‌ನಲ್ಲೇ ಆಗುತ್ತದೆ. ಜಂಟಿ ಠೇವಣಿಯಾದರೆ ಎಲ್ಲರೂ ಶಾಖೆಯಲ್ಲಿ ಸಹಿ ಹಾಕಬೇಕು. ಅರ್ಜಿ, ಪ್ರಾಮಿಸರಿ ನೋಟು, ಠೇವಣಿಯ ಮೇಲೆ ಲಿಯನ್ (ಬ್ಯಾಂಕಿನ ಹಿಡಿತ) ಹಾಕಲು ಒಪ್ಪಿಗೆ ಪತ್ರ, ಸಹಿ ಹಾಕಿದ ಎಫ್‌ಡಿ ರಸೀದಿ ಇಷ್ಟು ಕಾಗದ. ತೆರಿಗೆ ಉಳಿಸಲು ಇಟ್ಟ ಐದು ವರ್ಷದ ಎಫ್‌ಡಿಗೆ ಓಡಿ ಸಿಗದು. ಶಾಖೆಯಿಂದ ಹೊರಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಎಫ್‌ಡಿ ತಾನಾಗಿ ರಿನ್ಯೂ ಆದರೆ ಓಡಿ ದರ ಬದಲಾಗುತ್ತದೆಯೇ, ಚೆಕ್‌ಬುಕ್ ಕೊಡುತ್ತೀರಾ, ಉಳಿತಾಯ ಖಾತೆಯಲ್ಲಿ ಕೊರತೆ ಬಿದ್ದರೆ ಓಡಿಯಿಂದ ತಾನಾಗಿ ಹಣ ಬರುತ್ತದೆಯೇ, ಪ್ರೊಸೆಸಿಂಗ್ ಶುಲ್ಕ ಇದೆಯೇ. ಮೂರನೆಯದು ಮುಖ್ಯ. ಎಷ್ಟೋ ಕಡೆ ಓಡಿ ಬೇರೆ ಖಾತೆ, ಉಳಿತಾಯ ಬೇರೆ ಖಾತೆ. ಓಡಿಯಲ್ಲಿ ಎರಡು ಲಕ್ಷ ಖಾಲಿ ಇದ್ದರೂ ಉಳಿತಾಯ ಖಾತೆಗೆ ಬಂದ ಮ್ಯಾಂಡೇಟ್ ಬೌನ್ಸ್ ಆಗುತ್ತದೆ. ತಾನಾಗಿ ಬರುವ ವ್ಯವಸ್ಥೆ ಇಲ್ಲವೆಂದರೆ ಪ್ರತಿ ತಿಂಗಳು 3ನೇ ತಾರೀಕಿಗೆ ಕಂತಿನಷ್ಟು ಹಣ ಓಡಿಯಿಂದ ಉಳಿತಾಯಕ್ಕೆ ಹೋಗುವಂತೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಬೇಕು.

ಹಾಳಾಗುವುದು ಎಲ್ಲಿ? ಬಡ್ಡಿ ತುಂಬದೆ ಬಿಟ್ಟಲ್ಲಿ. ತಿಂಗಳ ಬಡ್ಡಿ ಅಸಲಿಗೆ ಸೇರುತ್ತಾ ಹೋಗಿ ಬಾಕಿ ಲಿಮಿಟ್ ದಾಟುತ್ತದೆ. ಲಿಮಿಟ್‌ಗಿಂತ ಹೆಚ್ಚು ಬಾಕಿ ಸತತ 90 ದಿನ ಉಳಿದರೆ, ಅಥವಾ 90 ದಿನ ಏನೂ ಜಮೆಯಾಗದಿದ್ದರೆ, ಅಥವಾ ಜಮೆಯಾದದ್ದು ಬಡ್ಡಿಗೆ ಸಾಲದಿದ್ದರೆ ಓಡಿ ಖಾತೆಯನ್ನು 'ಔಟ್ ಆಫ್ ಆರ್ಡರ್' ಎಂದು ಪರಿಗಣಿಸುತ್ತಾರೆ. ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ, ಎನಿಸಿಕೊಳ್ಳುವ ದಾರಿ. ಎಫ್‌ಡಿ ಬ್ಯಾಂಕಿನ ಕೈಯಲ್ಲೇ ಇರುವುದರಿಂದ ಇಲ್ಲಿ ಹೆಚ್ಚಾಗಿ ಎಫ್‌ಡಿಯನ್ನೇ ಮುಗಿಸಿ ಹೊಂದಿಸಿಕೊಳ್ಳುತ್ತಾರೆ. ಅಂಗಡಿಯವರ ಓಡಿಗೆ ಆ ತಲೆದಿಂಬು ಇಲ್ಲ. 2025ರ ಜನವರಿಯಿಂದ ಬ್ಯಾಂಕುಗಳು ಸಾಲದ ವಿವರವನ್ನು ಹದಿನೈದು ದಿನಕ್ಕೊಮ್ಮೆಯಾದರೂ ಸಾಲದ ಚರಿತ್ರೆ ಇಡುವ ಸಿಬಿಲ್‌ನಂಥ ಸಂಸ್ಥೆಗಳಿಗೆ ಕಳುಹಿಸಬೇಕಾಗಿದೆ, ಆದ್ದರಿಂದ ತಪ್ಪು ಬೇಗ ಬೆಳಕಿಗೆ ಬರುತ್ತದೆ.

ಬದಿಯಡ್ಕ, ಕುಂಬಳೆ, ಹೊಸಂಗಡಿ ಪೇಟೆಯ ಅಂಗಡಿಯವರು ಕರೆಂಟ್ ಖಾತೆಯ ಮೇಲೆ ತೆಗೆಯುವ ಓಡಿ ಅಥವಾ ಕ್ಯಾಶ್ ಕ್ರೆಡಿಟ್ ಕೆಲಸದ ವಸ್ತುವೇ. ಆದರೆ ಅದರ ಜಂಜಾಟ ಹೆಚ್ಚು. ಮಂಜೂರಾದ ಲಿಮಿಟ್ ಐದು ಲಕ್ಷ ಇದ್ದರೂ ತೆಗೆಯಬಹುದಾದದ್ದು ಡ್ರಾಯಿಂಗ್ ಪವರ್‌ನಷ್ಟೇ. ಅದನ್ನು ಸ್ಟಾಕ್ ಸ್ಟೇಟ್‌ಮೆಂಟ್, ಅಂದರೆ ಅಂಗಡಿಯಲ್ಲಿರುವ ಮಾಲಿನ ಪಟ್ಟಿ, ನೋಡಿ ಕಟ್ಟುತ್ತಾರೆ. ತಿಂಗಳ ಸ್ಟೇಟ್‌ಮೆಂಟ್ ಕೊಡಲು ಮರೆತರೆ ಡ್ರಾಯಿಂಗ್ ಪವರ್ ಇಳಿದು, ಮಂಗಳೂರಿನ ಹೋಲ್‌ಸೇಲ್‌ನವರಿಗೆ ಕೊಟ್ಟ ಚೆಕ್ 'ಎಕ್ಸೀಡ್ಸ್ ಅರೇಂಜ್‌ಮೆಂಟ್' ಎಂಬ ಚೀಟಿ ಹೊತ್ತು ಹಿಂದೆ ಬರುತ್ತದೆ. ಇದು ಬರೀ ಚಾರ್ಜ್‌ನ ವಿಷಯವಲ್ಲ. ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಹಣ ಸಾಲದ ಚೆಕ್ಕಿಗೂ ಏರ್ಪಾಡು ಮೀರಿದ ಚೆಕ್ಕಿಗೂ ಒಂದೇ ರೀತಿ ಅನ್ವಯಿಸುತ್ತದೆ. ನೋಟಿಸ್ ಕೈಸೇರಿದ 15 ದಿನದೊಳಗೆ ಹಣ ಕೊಟ್ಟರೆ ಮುಗಿಯಿತು, ಇಲ್ಲವಾದರೆ ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ ಮೊತ್ತದ ಎರಡರಷ್ಟು ದಂಡದವರೆಗೆ ಹೋಗಬಹುದು. ಮ್ಯಾಂಡೇಟ್ ಬೌನ್ಸಿಗೂ 2007ರ ಪೇಮೆಂಟ್ ಆಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಇಂಥದ್ದೇ ಶಿಕ್ಷೆ ಹೇಳುತ್ತದೆ. 2025ರ ಅಕ್ಟೋಬರ್ 4ರಿಂದ ಚೆಕ್ ಕ್ಲಿಯರಿಂಗ್ ದಿನವಿಡೀ ನಡೆಯುತ್ತಿದೆ. 'ಇವತ್ತು ಹಾಕಿದರೆ ನಾಳೆ ಬರುವುದಲ್ಲವೇ' ಎಂಬ ಹಳೆಯ ಧೈರ್ಯದಲ್ಲಿ ಚೆಕ್ ಬರೆಯುವ ಕಾಲ ಹೋಯಿತು.

ರೈತರ ಕಿಸಾನ್ ಕ್ರೆಡಿಟ್ ಕಾರ್ಡ್ ಹೆಸರಿಗೆ ಕಾರ್ಡ್, ನಡೆಯುವುದು ಓಡಿ ತರಹ. 3 ಲಕ್ಷದವರೆಗಿನ ಬೆಳೆಸಾಲಕ್ಕೆ ಶೇ. 7 ದರ, ಹೇಳಿದ ಸಮಯಕ್ಕೆ ತೀರಿಸಿದವರಿಗೆ ಶೇ. 3 ರಿಯಾಯಿತಿ, ಕೊನೆಗೆ ಬೀಳುವುದು ಶೇ. 4. ಎಫ್‌ಡಿ ಓಡಿಗಿಂತ ಇದು ಅಗ್ಗ. ತೋಟವಿದ್ದು ಇದನ್ನು ಮಾಡಿಸದೆ ಬಂಗಾರ ಅಡವಿಡುವುದು ಲೆಕ್ಕ ತಪ್ಪಿದ ಕೆಲಸ. 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿಸಾಲಕ್ಕೆ ಜಾಗದ ಅಡಮಾನ ಕೇಳುವಂತಿಲ್ಲ. ಎಡವುವುದು ತಾರೀಕಿನಲ್ಲಿ, ಒಂದು ದಿನ ತಪ್ಪಿದರೂ ಆ ಶೇ. 3 ಕೈ ತಪ್ಪುತ್ತದೆ.

ಜನಧನ್ ಖಾತೆಯ ಓಡಿ 10,000ದವರೆಗೆ, ಅದರಲ್ಲಿ 2,000 ಯಾವ ಷರತ್ತೂ ಇಲ್ಲದೆ ಎಂದು 2018ರಲ್ಲಿ ನಿಗದಿಯಾಯಿತು; ವಯಸ್ಸು 18ರಿಂದ 65. ಬೀಡಿ ಕಟ್ಟುವ ಮನೆಗಳಿಗೆ, ದಿನಗೂಲಿಯವರಿಗೆ ಇದು ಒಂದು ತಿಂಗಳ ಬೌನ್ಸ್ ತಪ್ಪಿಸುವಷ್ಟು ಮೊತ್ತ. ತಾನಾಗಿ ಬರುವುದಿಲ್ಲ, ಕೇಳಿ ಅರ್ಜಿ ಕೊಡಬೇಕು. ಮನೆಯಲ್ಲಿ ಒಬ್ಬರಿಗೆ, ಹೆಚ್ಚಾಗಿ ಹೆಂಗಸರಿಗೆ. ಆರು ತಿಂಗಳಾದರೂ ಖಾತೆ ಚೆನ್ನಾಗಿ ನಡೆದಿರಬೇಕು.

ಮೊಬೈಲಿಗೆ 'ಪ್ರೀ ಅಪ್ರೂವ್ಡ್' ಎಂದು ಬರುವ ಫ್ಲೆಕ್ಸಿ ಸಾಲ, ಸಂಬಳದ ಓಡಿ ಇವುಗಳನ್ನು ಹೊಗಳಲು ಕಾರಣ ಸಿಗುವುದಿಲ್ಲ. ದರ ಎರಡಂಕಿ, ಅದೂ ಅಲ್ಲದೆ ಕೆಲವದರಲ್ಲಿ ವಾರ್ಷಿಕ ನಿರ್ವಹಣಾ ಶುಲ್ಕವನ್ನು ಬಳಸಿದ ಮೊತ್ತಕ್ಕಲ್ಲ, ಪೂರ್ತಿ ಲಿಮಿಟ್‌ಗೆ ಹಾಕುತ್ತಾರೆ. 2 ಲಕ್ಷದ ಲಿಮಿಟ್‌ನಲ್ಲಿ 10,000 ಬಳಸಿದವರು 2 ಲಕ್ಷದ ಮೇಲೆ ಶುಲ್ಕ ಕಟ್ಟುತ್ತಾರೆ.

ಇನ್ನು ಮಿನಿಮಮ್ ಬ್ಯಾಲೆನ್ಸ್. ಬರಗಾಲದಲ್ಲಿ ಅಧಿಕಮಾಸ ಎಂಬ ಮಾತು ಹುಟ್ಟಿದ್ದೇ ಈ ಚಾರ್ಜ್ ನೋಡಿ ಇರಬೇಕು: ಖಾತೆಯಲ್ಲಿ ಹಣ ಇಲ್ಲದ್ದಕ್ಕೆ ಹಣ ಕೇಳುವುದು. ಸ್ಟೇಟ್ ಬ್ಯಾಂಕ್ 2020ರ ಮಾರ್ಚಿನಲ್ಲೂ, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದಲೂ ಉಳಿತಾಯ ಖಾತೆಗಳಿಗೆ ಇದನ್ನು ಕೈಬಿಟ್ಟವು. ಆ ವರ್ಷದ ಜುಲೈಯಲ್ಲಿ ಪಂಜಾಬ್ ನ್ಯಾಷನಲ್, ಇಂಡಿಯನ್ ಬ್ಯಾಂಕ್ ಕೂಡ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾದಲ್ಲಿ ಸೇರಿದ ಕಾರಣ ಇಲ್ಲಿನ ಬಹಳ ಮನೆಗಳ ಹಳೆ ಪಾಸ್‌ಬುಕ್ಕುಗಳಿಗೂ ಇದರ ಪ್ರಯೋಜನ ಸಿಕ್ಕಿದೆ. ಖಾಸಗಿ ಬ್ಯಾಂಕುಗಳಲ್ಲಿ ಚಾರ್ಜ್ ಇದ್ದೇ ಇದೆ.

ಲೆಕ್ಕ ತಿಳಿದರೆ ಇದನ್ನು ತಪ್ಪಿಸಬಹುದು. ನೋಡುವುದು ತಿಂಗಳ ಸರಾಸರಿಯನ್ನು, ಒಂದು ದಿನದ ಶಿಲ್ಕನ್ನಲ್ಲ. ಸರಾಸರಿ 2,000 ಬೇಕೆಂದರೆ 30 ದಿನಗಳ ದಿನದಂತ್ಯದ ಶಿಲ್ಕುಗಳ ಮೊತ್ತ 60,000 ಆಗಬೇಕು. ಮೊದಲ 20 ದಿನ 500 ಮಾತ್ರ ಇತ್ತು ಎಂದರೆ ಆದದ್ದು 10,000, ಬಾಕಿ 50,000. ಉಳಿದ 10 ದಿನ 5,000 ಇಟ್ಟರೆ ಸರಿಹೋಯಿತು. ಪ್ರತಿ ತಿಂಗಳು 20ಕ್ಕೆ ಈ ಲೆಕ್ಕ ನೋಡಿದರೆ ಸಾಕು. 28ಕ್ಕೆ ನೋಡಿದರೆ ಅದೇ ಕೊರತೆಗೆ 20,000ಕ್ಕೂ ಹೆಚ್ಚು ಬೇಕಾದೀತು.

ರಿಸರ್ವ್ ಬ್ಯಾಂಕಿನ 2014ರ ನವೆಂಬರ್ ಸುತ್ತೋಲೆ 2015ರ ಏಪ್ರಿಲಿನಿಂದ ಜಾರಿಯಲ್ಲಿದೆ. ಬ್ಯಾಲೆನ್ಸ್ ಕೆಳಗಿಳಿದಿದೆ ಎಂದು ಮೊದಲು ತಿಳಿಸಬೇಕು, ಸರಿಪಡಿಸಲು ಕನಿಷ್ಠ ಒಂದು ತಿಂಗಳು ಕೊಡಬೇಕು, ಚಾರ್ಜ್ ಕೊರತೆಯ ಪ್ರಮಾಣಕ್ಕೆ ತಕ್ಕಂತಿರಬೇಕು, ಈ ಒಂದೇ ಕಾರಣಕ್ಕೆ ಖಾತೆ ಮೈನಸ್ ಆಗಬಾರದು. ಕೊನೆಯದನ್ನು ಬ್ಯಾಂಕುಗಳು ಅಕ್ಷರಶಃ ಪಾಲಿಸುತ್ತವೆ: ಮೈನಸ್ ತೋರಿಸದೆ ಬಾಕಿಯನ್ನು ಲಿಯನ್ ಎಂದು ಬದಿಗೆ ಬರೆದಿಟ್ಟು, ಪಿಂಚಣಿಯೋ ಸಬ್ಸಿಡಿಯೋ ಬಿದ್ದ ದಿನ ಎಳೆದುಕೊಳ್ಳುತ್ತವೆ. ಆ್ಯಪಿನಲ್ಲಿ ಒಟ್ಟು ಶಿಲ್ಕಿಗೂ 'ಅವೈಲಬಲ್ ಬ್ಯಾಲೆನ್ಸ್'ಗೂ ವ್ಯತ್ಯಾಸ ಕಂಡರೆ ಕಾರಣ ಕೇಳಿ. ಎರಡು ವರ್ಷ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೆ 2024ರ ಏಪ್ರಿಲ್ 1ರಿಂದ ಈ ಚಾರ್ಜ್ ಹಾಕುವಂತೆಯೇ ಇಲ್ಲ. ಬ್ಯಾಲೆನ್ಸ್ ಇಡಲು ಆಗುವುದೇ ಇಲ್ಲ ಎಂದಾದರೆ ಖಾತೆಯನ್ನು ಬೇಸಿಕ್ ಉಳಿತಾಯ ಖಾತೆಗೆ ಬದಲಾಯಿಸಿ ಎಂದು ಬರೆದು ಕೊಡಿ. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು; ಬ್ಯಾಂಕುಗಳು ವಿಲೀನವಾದ ಮೇಲೆ ಗೊತ್ತಿಲ್ಲದೆ ಎರಡು ಖಾತೆ ಹೊಂದಿರುವವರು ಇದನ್ನು ಮೊದಲು ನೋಡಿಕೊಳ್ಳಬೇಕು.

ಗಡಿಯವರಿಗೆ ಮಾತ್ರ ಇರುವ ತೊಂದರೆ ರಜೆಯದು. ಬ್ಯಾಂಕ್ ರಜೆ ರಾಜ್ಯದ ಲೆಕ್ಕ. ಓಣಂ ಹೊತ್ತಿಗೆ ಮಂಜೇಶ್ವರದ ಶಾಖೆ ಮುಚ್ಚಿರುತ್ತದೆ, ತಲಪಾಡಿಯ ಆಚೆ ತೆರೆದಿರುತ್ತದೆ. ನವೆಂಬರ್ 1ರಂದು ಇದರ ತಿರುವುಮುರುವು. ಮ್ಯಾಂಡೇಟಿಗೆ ಮಾತ್ರ ರಜೆ ಇಲ್ಲ. 2021ರ ಆಗಸ್ಟ್ 1ರಿಂದ ಅದು ಭಾನುವಾರವೂ ಬರುತ್ತದೆ. ಎಫ್‌ಡಿ ಮಂಗಳೂರಿನ ಶಾಖೆಯಲ್ಲಿ, ಮನೆ ಪೈವಳಿಕೆಯಲ್ಲಿ ಎನ್ನುವವರು ಓಡಿ ಕಾಗದಕ್ಕೆ ಎಫ್‌ಡಿ ಇರುವ ಶಾಖೆಗೇ ಹೋಗಬೇಕಾಗಿ ಬರುವುದುಂಟು. ಓಣಂ ತಿಂಗಳಲ್ಲಿ ಹಣವನ್ನು ರಜೆಯ ಸಾಲಿಗೆ ಮುಂಚೆ ತುಂಬಿಸಿಡಿ. ಮೇ ಕೊನೆಯ ವಾರವೂ ಹಾಗೆಯೇ: ಪ್ರಧಾನಮಂತ್ರಿ ಸುರಕ್ಷಾ ಬಿಮೆಯ 20 ರೂಪಾಯಿ, ಜೀವನಜ್ಯೋತಿಯ 436 ರೂಪಾಯಿ ಆಗ ಕಡಿತವಾಗುತ್ತದೆ. ಅದು ಕಂತಿನ ಹಣದಿಂದಲೇ ಹೋಗಿ ಜೂನ್ 5ಕ್ಕೆ ಕೊರತೆ ಬೀಳುವುದು ಪ್ರತಿ ವರ್ಷದ ಕತೆ. ಎಟಿಎಂನಲ್ಲಿ ಇಲ್ಲದ ಹಣ ತೆಗೆಯಲು ಯತ್ನಿಸಿದರೂ ಹಲವು ಬ್ಯಾಂಕುಗಳು 20ರಿಂದ 25 ರೂಪಾಯಿ ಮತ್ತು ಜಿಎಸ್‌ಟಿ ಹಾಕುತ್ತವೆ; ಮೊದಲು ಆ್ಯಪಿನಲ್ಲಿ ಶಿಲ್ಕು ನೋಡಿ.

ತಪ್ಪು ಚಾರ್ಜ್ ಬಿದ್ದರೆ ಕೌಂಟರಿನಲ್ಲಿ ಬಾಯಿಮಾತಿಗೆ ನಿಲ್ಲಬೇಡಿ. ತಾರೀಕು, ಮೊತ್ತ, ಸ್ಟೇಟ್‌ಮೆಂಟಿನ ವಿವರಣೆ, ಯಾವ ಎಸ್‌ಎಂಎಸ್ ಬಂದಿಲ್ಲ ಎಂಬುದನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಮೊದಲ ಬೌನ್ಸ್ ಆಗಿದ್ದರೆ ಮ್ಯಾನೇಜರ್ ಮಟ್ಟದಲ್ಲೇ ವಾಪಸ್ ಕೊಡುವುದುಂಟು, ಕೇಳಿದವರಿಗೆ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ. ಊರಿನ ಸೇವಾ ಸಹಕಾರಿ ಬ್ಯಾಂಕುಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಅವುಗಳ ದೂರು ಸಹಕಾರಿ ಇಲಾಖೆಯ ಜಂಟಿ ರಿಜಿಸ್ಟ್ರಾರ್ ಕಚೇರಿಗೆ. ಮಲಯಾಳದ ಫಾರಂ ನೋಡಿ ಹಿಂಜರಿಯುವವರಿಗೆ ಒಂದು ಮಾತು: ಓಂಬುಡ್ಸ್‌ಮನ್ ದೂರುಗಳನ್ನು ಸ್ವೀಕರಿಸುವ ಚಂಡೀಗಢದ ಕೇಂದ್ರ ಯಾವ ಭಾಷೆಯ ಕಾಗದವನ್ನೂ ತೆಗೆದುಕೊಳ್ಳುತ್ತದೆ. ಕನ್ನಡದಲ್ಲೇ ಬರೆದು, ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿ ಲಗತ್ತಿಸಿ ಕಳುಹಿಸಿ. ವಿಚಾರಿಸಲು 14448ಕ್ಕೆ ಕರೆ ಮಾಡಿದರೆ ಅಲ್ಲಿಯೂ ಕನ್ನಡ ಸಿಗುತ್ತದೆ.